ಕ್ಲಬ್ ಕ್ರಿಕೆಟ್‌ನಲ್ಲಿ ಮಕ್ಕಳ ರಕ್ಷಣೆ: ಹಾಜರಿ ಪುಸ್ತಕದಿಂದ ಪೊಲೀಸ್ ಠಾಣೆಯವರೆಗೆ

ಪರೀಕ್ಷೆ ಮುಗಿದು ಬೇಸಿಗೆ ಶಿಬಿರಗಳು ಶುರುವಾಗುವ ಹೊತ್ತಿಗೆ ಬಳ್ಳಾರಿ, ಸಿಂಧನೂರು, ಗಂಗಾವತಿ ಕಡೆಯ ಕ್ಲಬ್‌ಗಳಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ನಮ್ಮದು ಸಣ್ಣ ಕ್ಲಬ್ಬು, ಸಂಬಳದ ಕೋಚ್ ಇಲ್ಲ, ಹುಡುಗ್ರು ಬರ್ತಾರೆ, ಆಡ್ತಾರೆ, ಹೋಗ್ತಾರೆ. ಇದಕ್ಕೆಲ್ಲ ನಿಯಮ ಬೇಕಾ? ಏನಾದ್ರೂ ಆದ್ರೆ ಹಿರಿಯರು ಕೂತು ಬಗೆಹರಿಸಿದ್ರೆ ಸಾಲ್ದಾ?’

ಸಾಲದು. ಮೊದಲ ಕಾರಣ ಕಾನೂನು. 2012ರ ಪೋಕ್ಸೊ ಕಾಯ್ದೆ, ಅಂದರೆ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ಕಾಪಾಡುವ ಕಾಯ್ದೆ, 18 ತುಂಬದ ಪ್ರತಿಯೊಬ್ಬರನ್ನೂ ಮಗು ಎನ್ನುತ್ತದೆ. ಮೀಸೆ ಬಂದ, ಸೀನಿಯರ್ ತಂಡಕ್ಕೆ ಓಪನಿಂಗ್ ಬೌಲಿಂಗ್ ಮಾಡುವ 17ರ ಹುಡುಗನೂ ಅದರ ಲೆಕ್ಕದಲ್ಲಿ ಮಗುವೇ. ಅಪರಾಧ ನಡೆದಿದೆ ಎಂದು ಗೊತ್ತಾದವರು, ನಡೆಯಬಹುದು ಎಂಬ ಆತಂಕವಿರುವವರು ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ ಅದರ 19ನೇ ಕಲಂ. ತಿಳಿಸದಿದ್ದರೆ 21ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಕೃತ್ಯವನ್ನು ತಿಳಿಸದಿದ್ದರೆ 1 ವರ್ಷದವರೆಗೆ ಜೈಲು, ಜೊತೆಗೆ ದಂಡ. ಹಿರಿಯರು ಕೂತು ‘ಬಗೆಹರಿಸಿದ’ ಪ್ರಕರಣದಲ್ಲಿ ಕೂತ ಹಿರಿಯರೂ ಆರೋಪಿಗಳಾಗಬಹುದು.

ಇನ್ನೊಂದು ಕಾರಣ ಎಲ್ಲರಿಗೂ ಗೊತ್ತಿದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಕ್ಕಳಿಗೆ ತೊಂದರೆ ಕೊಡುವವರು ಹೆಚ್ಚಾಗಿ ಪರಿಚಿತರೇ. ಕ್ಲಬ್ಬಿನಲ್ಲಿ ಅದು ‘ಸರ್’ ಇರಬಹುದು, ‘ಅಣ್ಣ’ ಇರಬಹುದು, ಕಿಟ್ ಕೊಡಿಸಿದ ದಾನಿಯೂ ಇರಬಹುದು. ಪಂಚಾಯ್ತಿಗೆ ಕೂರುವವರು ಅವರ ಸ್ನೇಹಿತರೇ ಆಗಿರುತ್ತಾರೆ. ಆದ್ದರಿಂದ ಕೆಳಗಿನ ಹಂತಗಳಲ್ಲಿ ಯಾರೊಬ್ಬರ ಒಳ್ಳೆಯತನದ ಮೇಲೂ ಭಾರ ಹಾಕಿಲ್ಲ. ಒಳ್ಳೆಯವರಿಗೆ ಇದರಿಂದ ನಷ್ಟವಿಲ್ಲ. ಸುಳ್ಳು ಆರೋಪ ಬಂದ ದಿನ ಅವರನ್ನು ಉಳಿಸುವುದೂ ಇದೇ ದಾಖಲೆ.

1. ಇಬ್ಬರು ಹೊಣೆಗಾರರನ್ನು ನೇಮಿಸಿ

ಕ್ಲಬ್ ಸಭೆ ಕರೆದು, ನಡಾವಳಿ ಪುಸ್ತಕದಲ್ಲಿ ಠರಾವು ಬರೆದು, ಇಬ್ಬರನ್ನು ಮಕ್ಕಳ ರಕ್ಷಣಾ ಹೊಣೆಗಾರರೆಂದು ನೇಮಿಸಿ. ಒಬ್ಬರು ಹೆಣ್ಣುಮಗಳು ಇರಲೇಬೇಕು. ನಿವೃತ್ತ ಶಿಕ್ಷಕಿ, ಆಶಾ ಕಾರ್ಯಕರ್ತೆ, ಆಟಗಾರನೊಬ್ಬನ ತಾಯಿ, ಯಾರಾದರೂ ಆದೀತು. ಕ್ರಿಕೆಟ್ ಗೊತ್ತಿರಬೇಕಾಗಿಲ್ಲ. ಕೋಚ್, ಆಯ್ಕೆಗಾರ, ಅಧ್ಯಕ್ಷರ ಮನೆಯವರು ಬೇಡ. ದೂರು ಅವರ ಮೇಲೆಯೇ ಬಂದರೆ ಮಗು ಯಾರ ಹತ್ತಿರ ಹೋಗಬೇಕು?

ಇಬ್ಬರ ಹೆಸರು, ಫೋನ್ ನಂಬರ್, ಜೊತೆಗೆ ಮಕ್ಕಳ ಸಹಾಯವಾಣಿ 1098 ಮತ್ತು ತುರ್ತು ಸಂಖ್ಯೆ 112 ಬರೆದ ಬೋರ್ಡನ್ನು ಮಕ್ಕಳು ಬ್ಯಾಗ್ ಇಡುವ ಜಾಗದಲ್ಲಿ ಹಾಕಿ. ಕಚೇರಿ ಗೋಡೆಗೆ ಹಾಕಿದ ಬೋರ್ಡನ್ನು ಮಕ್ಕಳು ಓದುವುದಿಲ್ಲ. ಬಳ್ಳಾರಿ, ಸಿರುಗುಪ್ಪ, ರಾಯಚೂರಿನಲ್ಲಿ ಮನೆಯಲ್ಲಿ ತೆಲುಗೋ ಉರ್ದುವೋ ಮಾತಾಡುವ ಮಕ್ಕಳು ಬಹಳ. ಬೋರ್ಡು ಆ ಭಾಷೆಗಳಲ್ಲೂ ಇರಲಿ.

2. ಎರಡು ಪುಸ್ತಕ, ಒಂದು ಒಪ್ಪಿಗೆ ಪತ್ರ

ನೂರು ಪುಟದ ಎರಡು ನೋಟ್‌ಬುಕ್ ಸಾಕು. ಒಂದು ಹಾಜರಿಗೆ: ಮಗು ಬಂದ ಸಮಯ, ಹೋದ ಸಮಯ, ಯಾರ ಜೊತೆ ಹೋಯಿತು, ಆ ದಿನ ಮೈದಾನದಲ್ಲಿದ್ದ ದೊಡ್ಡವರ ಹೆಸರು. ಕೊನೆಯ ಕಾಲಂ ತುಂಬದೆ ಬಿಡುವ ಕ್ಲಬ್‌ಗಳೇ ಹೆಚ್ಚು. ಆದರೆ ಮುಂದೊಂದು ದಿನ ಪೊಲೀಸರು ಮೊದಲು ಕೇಳುವುದೇ ಅದನ್ನು. ಎರಡನೆಯದು ಘಟನೆ ಪುಸ್ತಕ: ಗಾಯ, ಜಗಳ, ದೂರು, ಅನುಮಾನ. ಪುಟಗಳಿಗೆ ನಂಬರ್ ಹಾಕಿ, ಬೀಗದ ಕಪಾಟಿನಲ್ಲಿಡಿ. ಕೀಲಿ ಹೊಣೆಗಾರರ ಹತ್ತಿರ ಮಾತ್ರ.

ಒಪ್ಪಿಗೆ ಪತ್ರದಲ್ಲಿ ಇರಬೇಕಾದ್ದು: ಹುಟ್ಟಿದ ದಿನಾಂಕ (ಜನನ ಪ್ರಮಾಣಪತ್ರ ಅಥವಾ ಶಾಲಾ ದಾಖಲೆಯ ನಕಲಿನೊಂದಿಗೆ), ರಕ್ತದ ಗುಂಪು, ಉಬ್ಬಸ, ಮೂರ್ಛೆ, ಹೃದಯದ ತೊಂದರೆ, ಔಷಧಿ ಅಲರ್ಜಿ, ಎರಡು ಫೋನ್ ನಂಬರ್, ಮಗುವನ್ನು ಕರೆದೊಯ್ಯಲು ಬರಬಹುದಾದವರ ಹೆಸರು, ಫೋಟೊ ಹಾಕಲು ಒಪ್ಪಿಗೆ ಉಂಟೋ ಇಲ್ಲವೋ. ಮೂಲ ದಾಖಲೆಗಳನ್ನು ಕ್ಲಬ್ಬಿನಲ್ಲಿ ಇಟ್ಟುಕೊಳ್ಳಬೇಡಿ. ಮಾರ್ಕ್ಸ್ ಕಾರ್ಡು, ಆಧಾರ್ ಯಾರ ಕೈಯಲ್ಲಿರುತ್ತದೋ ಮಗುವಿನ ಜುಟ್ಟೂ ಅವರ ಕೈಯಲ್ಲೇ.

ನಮ್ಮ ಭಾಗದಲ್ಲಿ ಇಲ್ಲೊಂದು ತೊಡಕಿದೆ. ಲಿಂಗಸುಗೂರು, ದೇವದುರ್ಗ, ಕುಷ್ಟಗಿ, ಯಲಬುರ್ಗಾ ಕಡೆ ತಂದೆತಾಯಿ ಗುಳೆ ಹೋಗಿರುತ್ತಾರೆ, ಮಗು ಅಜ್ಜಿಯ ಹತ್ತಿರ ಇರುತ್ತದೆ. ‘ಅಪ್ಪ ಊರಲ್ಲಿಲ್ಲ’ ಎಂದು ಕೋಚೇ ಸಹಿ ಹಾಕಿಬಿಡುವುದು ದೊಡ್ಡ ತಪ್ಪು. ಅಜ್ಜಿಯ ಹೆಬ್ಬೆಟ್ಟು ಹಾಕಿಸಿ. ತಂದೆಗೋ ತಾಯಿಗೋ ಫೋನ್ ಮಾಡಿ ಪತ್ರ ಓದಿ ಹೇಳಿ, ಆ ಕರೆಯ ದಿನಾಂಕ, ಸಮಯ ಬರೆದಿಡಿ. ಮನೆಯಲ್ಲಿ ಕೇಳುವವರು ಕಡಿಮೆ ಇರುವ ಮಗುವಿನ ಮೇಲೆ ಕೆಟ್ಟ ಕಣ್ಣು ಮೊದಲು ಬೀಳುತ್ತದೆ. ಅಂಥ ಮಕ್ಕಳ ಹೆಸರು ಹೊಣೆಗಾರರಿಗೆ ಬಾಯಿಪಾಠ ಇರಲಿ.

3. ಕೋಚ್, ಸಹಾಯಕ, ಡ್ರೈವರ್: ಎಲ್ಲರ ಹಿನ್ನೆಲೆ ನೋಡಿ

ಮಕ್ಕಳ ಸಂಪರ್ಕಕ್ಕೆ ಬರುವ ಸಿಬ್ಬಂದಿಯ ಪೊಲೀಸ್ ಪರಿಶೀಲನೆ, ಹಿನ್ನೆಲೆ ತಪಾಸಣೆಯನ್ನು ಆಗಾಗ ಮಾಡಿಸಬೇಕು, ತರಬೇತಿಯನ್ನೂ ಕೊಡಬೇಕು ಎನ್ನುವ 2020ರ ಪೋಕ್ಸೊ ನಿಯಮಗಳು ಕ್ರೀಡಾ ಅಕಾಡೆಮಿಗಳನ್ನು ಹೆಸರಿಸಿಯೇ ಹೇಳುತ್ತವೆ. ಗುತ್ತಿಗೆಯವರೂ ಇದರಲ್ಲಿ ಬರುತ್ತಾರೆ. ‘ಸಂಬಳ ಇಲ್ಲ, ಸೇವೆ ಮಾಡ್ತಾರೆ’ ಎಂಬ ಕಾರಣಕ್ಕೆ ಯಾರನ್ನೂ ಬಿಡಬೇಡಿ. ಪರಿಶೀಲನಾ ಪತ್ರಕ್ಕೆ ಸೇವಾ ಸಿಂಧು ಮೂಲಕ ಅರ್ಜಿ ಹಾಕಬಹುದು.

ಆದರೆ ಆ ಪತ್ರ ಹೇಳುವುದು ಕೇಸು ಇದೆಯೋ ಇಲ್ಲವೋ ಎಂಬುದನ್ನಷ್ಟೇ. ಕೇಸಾಗದೆ ರಾಜಿಯಾದದ್ದು ಅದರಲ್ಲಿ ಕಾಣುವುದಿಲ್ಲ. ಹಾಗಾಗಿ ಹಿಂದಿನ ಎರಡು ಕ್ಲಬ್ ಅಥವಾ ಶಾಲೆಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ‘ನಿಮ್ಮ ಮಕ್ಕಳ ಜೊತೆ ಇವರನ್ನ ಮತ್ತೆ ಬಿಡ್ತೀರಾ?’ ಉತ್ತರಕ್ಕೆ ಮೊದಲು ಎಷ್ಟು ಹೊತ್ತು ತಡವರಿಸುತ್ತಾರೆ ಎಂಬುದನ್ನೂ ಕೇಳಿಸಿಕೊಳ್ಳಿ. ಆದೋನಿ, ಗುಂತಕಲ್ಲು ಕಡೆಯಿಂದ ಬಂದು ಸೀಸನ್‌ಗೊಂದು ಕ್ಲಬ್ ಬದಲಿಸುವ ಕೋಚ್ ಇದ್ದರೆ ಗಡಿಯಾಚೆಗೂ ವಿಚಾರಿಸಿ.

4. ಕಣ್ಣಿಗೆ ಕಾಣುವಂತೆ, ಕಿವಿಗೆ ಕೇಳುವಂತೆ

ಮೈದಾನದ ನಿಯಮಗಳಿಗೆಲ್ಲ ತಾಯಿಬೇರು ಒಂದೇ: ಒಬ್ಬ ದೊಡ್ಡವರು, ಒಂದು ಮಗು, ಮುಚ್ಚಿದ ಬಾಗಿಲು ಎಂದೂ ಒಟ್ಟಿಗೆ ಬರಬಾರದು. ಒಬ್ಬನಿಗೇ ಹೆಚ್ಚುವರಿ ನೆಟ್ ಅಭ್ಯಾಸ ಕೊಡಬೇಕಿದ್ದರೆ ಇನ್ನೊಬ್ಬ ದೊಡ್ಡವರು ನೋಡುವಂತಿರಲಿ. ಬೆಳಿಗ್ಗೆ 5:30ಕ್ಕೆ ಮೊದಲು ಬಂದ ಮಗು, ಸಂಜೆ ಕೊನೆಗೆ ಉಳಿದ ಮಗು: ಅಪಾಯದ ಹೊತ್ತು ಇವೆರಡು. ಕೊನೆಯ ಮಗು ಹೋಗುವತನಕ ಇಬ್ಬರು ದೊಡ್ಡವರು ಇರಬೇಕು ಎಂದು ಪಾಳಿ ಹಾಕಿ.

ಬಟ್ಟೆ ಬದಲಿಸುವ ಜಾಗ ದೊಡ್ಡವರಿಗೆ ಬೇರೆ, ಮಕ್ಕಳಿಗೆ ಬೇರೆ. ಕೋಣೆ ಒಂದೇ ಇದ್ದರೆ ಮಕ್ಕಳು ಮೊದಲು, ಹತ್ತು ನಿಮಿಷದ ನಂತರ ದೊಡ್ಡವರು. ಕೋಣೆಯೇ ಇಲ್ಲದ ಮೈದಾನಕ್ಕೆ ಮಕ್ಕಳು ಮನೆಯಿಂದಲೇ ಡ್ರೆಸ್ ಹಾಕಿಕೊಂಡು ಬರಲಿ. ಬಟ್ಟೆ ಬದಲಿಸುವ ಕಡೆ ಫೋನ್ ಹೊರತೆಗೆಯುವಂತಿಲ್ಲ, ತಮಾಷೆಗೂ ಇಲ್ಲ.

ಹೊಟ್ಟೆಯ ಕೆಳಗಿನ ಗಾರ್ಡ್ ಪ್ರತಿ ಮಗುವಿಗೂ ಸ್ವಂತದ್ದಿರಲಿ. ಕ್ಲಬ್ ಕಿಟ್‌ನ ಒಂದೇ ಗಾರ್ಡನ್ನು ಹತ್ತು ಜನ ಹಂಚಿಕೊಳ್ಳುವುದು ಹೊಲಸು ಅನ್ನುವುದು ಒಂದು ಮಾತು. ‘ಹಾಕ್ಕೊಂಡಿದ್ದೀಯಾ ನೋಡ್ತೀನಿ’ ಎಂದು ಕೈ ಹಾಕುವ ನೆಪವೂ ಅದೇ. ಬಾಯಲ್ಲಿ ಕೇಳಿ, ಅಷ್ಟೇ. ಗ್ರಿಪ್, ಮೊಣಕೈ ತಿದ್ದಲು ಮುಟ್ಟಬೇಕಾದರೆ ಮೊದಲು ಹೇಳಿ: ‘ಮೊಣಕೈ ಹಿಡಿದು ತೋರಿಸ್ತೀನಿ, ಸರಿನಾ?’ ತೊಡೆಸಂದು, ಸೊಂಟದ ಸ್ನಾಯು ಎಳೆತಕ್ಕೆ ಕೋಚ್ ಮಸಾಜ್ ಮಾಡುವಂತಿಲ್ಲ. ಐಸ್ ಕೊಡಿ, ವೈದ್ಯರ ಹತ್ತಿರ ಕಳಿಸಿ.

ವಾಟ್ಸ್ಆ್ಯಪ್‌ನಲ್ಲಿ ಪೋಷಕರು ಇರುವ ಗುಂಪು ಮಾತ್ರ. ಕೋಚ್‌ನಿಂದ ಮಗುವಿಗೆ ನೇರ ಸಂದೇಶ ಬೇಡ, ರಾತ್ರಿ ಹೊತ್ತು ಬೇಡವೇ ಬೇಡ.

ಎಲ್ಲಕ್ಕಿಂತ ಹೆಚ್ಚಾಗಿ ಒಂದು ಮಾತಿನ ಮೇಲೆ ನಿಗಾ ಇಡಿ: ‘ಜೋನಲ್ ಟೀಮ್‌ಗೆ ನಿನ್ನನ್ನ ಸೆಲೆಕ್ಟ್ ಮಾಡಿಸ್ತೀನಿ.’ ಕೆಎಸ್‌ಸಿಎ (ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ) ರಾಯಚೂರು ವಲಯದ ಆಯ್ಕೆ ಎಂದರೆ ಇಲ್ಲಿನ ಮಕ್ಕಳಿಗೆ ಬೆಂಗಳೂರಿನ ಬಾಗಿಲು. ಆ ಆಸೆ ತೋರಿಸಿ ದುಡ್ಡು ಕೇಳುವುದು, ಗುಟ್ಟಾಗಿ ಬ್ಯಾಟ್, ಶೂ, ಫೋನ್ ಕೊಡಿಸುವುದು, ‘ಮನೇಲಿ ಹೇಳಬೇಡ’ ಅನ್ನುವುದು: ಮೂರರಲ್ಲಿ ಒಂದು ಕಂಡರೂ ಘಟನೆ ಪುಸ್ತಕದಲ್ಲಿ ಬರೆಯಿರಿ. ಮಗುವಿನ ವಿಶ್ವಾಸ ಗಳಿಸಿ ಮೆಲ್ಲಗೆ ಬಲೆಗೆ ಕೆಡವುವ ಕ್ರಮ ಹೀಗೇ ಶುರುವಾಗುತ್ತದೆ.

5. ಚೆಂಡು, ಓವರ್, ಬಿಸಿಲು

ರಕ್ಷಣೆ ಎಂದರೆ ಲೈಂಗಿಕ ದೌರ್ಜನ್ಯದ ವಿಷಯ ಮಾತ್ರ ಎಂದು ತಿಳಿದ ಕ್ಲಬ್‌ಗಳು ಇಲ್ಲಿ ಎಡವುತ್ತವೆ. ಕ್ರಿಕೆಟ್ ನಿಯಮದ ಪ್ರಕಾರ ಗಂಡಸರ ಚೆಂಡು 155.9ರಿಂದ 163 ಗ್ರಾಂ, 13ರೊಳಗಿನವರದ್ದು 133ರಿಂದ 144 ಗ್ರಾಂ. ಹತ್ತು ವರ್ಷದವರ ಕೈಗೆ ದೊಡ್ಡವರ ಲೆದರ್ ಚೆಂಡು ಕೊಡುವುದು, ಅದೂ ಸಿಗದೆ ಕಾರ್ಕ್ ಚೆಂಡು ಕೊಡುವುದು ನಿಲ್ಲಬೇಕು. ಜಾಲರಿಯ ಹೆಲ್ಮೆಟ್ ಇಲ್ಲದ ಮಗು ಲೆದರ್ ಚೆಂಡಿಗೆ ಬ್ಯಾಟ್ ಮಾಡುವಂತಿಲ್ಲ, ವಿಕೆಟ್‌ಗೆ ಹತ್ತಿರ ನಿಂತು ಕೀಪಿಂಗ್ ಮಾಡುವಂತಿಲ್ಲ.

ಓವರ್ ಲೆಕ್ಕಕ್ಕೆ ಇಂಗ್ಲೆಂಡ್ ಮತ್ತು ವೇಲ್ಸ್ ಕ್ರಿಕೆಟ್ ಮಂಡಳಿ ವೇಗದ ಬೌಲರ್‌ಗಳಿಗೆ ಪಾಲಿಸಿಕೊಂಡು ಬಂದ ಮಿತಿ ಒಳ್ಳೆಯ ಅಳತೆ: 13 ವರ್ಷದವರೆಗೆ ಒಂದು ಸ್ಪೆಲ್‌ಗೆ, ಅಂದರೆ ಬಿಡುವಿಲ್ಲದೆ ಬೌಲ್ ಮಾಡುವ ಒಂದು ಸರದಿಗೆ, 5, ದಿನಕ್ಕೆ 10 ಓವರ್. 14–15ಕ್ಕೆ 6 ಮತ್ತು 12. ಬೆಳೆಯುವ ಬೆನ್ನುಮೂಳೆ ಅದಕ್ಕಿಂತ ಹೆಚ್ಚು ತಡೆಯುವುದಿಲ್ಲ. ಬೆನ್ನಿನ ಎಲುಬಿನಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ನಮ್ಮಲ್ಲಿ ತಪ್ಪು ಆಗುವುದು ಭಾನುವಾರ: ಬೆಳಿಗ್ಗೆ ಜೂನಿಯರ್ ಮ್ಯಾಚು, ಸಂಜೆ ಇನ್ನೊಂದು ತಂಡಕ್ಕೆ ಟೆನಿಸ್ ಬಾಲ್ ಮ್ಯಾಚು. ಎರಡನ್ನೂ ಕೂಡಿಸಿ ಎಣಿಸಿ.

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಯಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಅಭ್ಯಾಸ ಬೆಳಿಗ್ಗೆ 6ರಿಂದ 8:30, ಸಂಜೆ 5ರ ನಂತರ. ಪ್ರತಿ 20 ನಿಮಿಷಕ್ಕೆ ನೀರಿನ ಬಿಡುವು, ಬಾಯಾರಲಿ ಬಿಡಲಿ. ಓಆರ್‌ಎಸ್ ದೊಡ್ಡ ಪೊಟ್ಟಣ ಒಂದಕ್ಕೆ ಸರಿಯಾಗಿ 1 ಲೀಟರ್ ನೀರು. ಗಟ್ಟಿಯಾಗಲಿ ಎಂದು ಅರ್ಧ ಲೀಟರಿಗೆ ಹಾಕಿದರೆ ಮೈಯಲ್ಲಿ ಉಪ್ಪಿನಂಶ ಏರುಪೇರಾಗುತ್ತದೆ. ಮೈ ಕಾದು, ಮಾತು ತೊದಲಿ, ಹುಡುಗ ಏನೇನೋ ಬಡಬಡಿಸಿದರೆ ಅದು ಬರೀ ಸುಸ್ತಲ್ಲ, ಶಾಖಾಘಾತ. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವತನಕ ನೆರಳಲ್ಲಿ ಮಲಗಿಸಿ, ಮೈಗೆಲ್ಲ ನೀರು ಸುರಿದು ಗಾಳಿ ಬೀಸಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಅಥವಾ ಐಸ್ ಇಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ತಡವಾಗಿ ಬಂದವನಿಗೆ ಬಿಸಿಲಲ್ಲಿ ಹತ್ತು ರೌಂಡ್, ಕ್ಯಾಚ್ ಬಿಟ್ಟವನಿಗೆ ಸ್ಟಂಪಿನ ಏಟು: ಇದಕ್ಕೆ ‘ಶಿಸ್ತು’ ಎಂಬ ಹೆಸರಿದೆ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂನಲ್ಲಿ ಅದಕ್ಕೆ ಕ್ರೌರ್ಯ ಎಂಬ ಹೆಸರೂ ಇದೆ. ಅದೇ ಕಾಯ್ದೆಯ 77ನೇ ಕಲಂ ಪ್ರಕಾರ ಮಗುವಿಗೆ ಮದ್ಯ, ತಂಬಾಕು ಕೊಟ್ಟವರಿಗೆ 7 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಮ್ಯಾಚ್ ಗೆದ್ದ ಮೇಲಿನ ಪಾರ್ಟಿಯಲ್ಲಿ ಯಾರ್ಯಾರು ಕೂತಿರುತ್ತಾರೆ ನೋಡಿಕೊಳ್ಳಿ.

6. ಪರಸ್ಥಳದ ಮ್ಯಾಚು, ಹೊನಲು ಬೆಳಕಿನ ಪಂದ್ಯಾವಳಿ

ಕ್ರೂಸರ್‌ನಲ್ಲಿ ಎಷ್ಟು ಸೀಟಿದೆಯೋ ಅಷ್ಟೇ ಜನ. ಗೂಡ್ಸ್ ಟಂಟಂ ಬೇಡ. ಮಕ್ಕಳ ಜೊತೆ ಇಬ್ಬರು ದೊಡ್ಡವರು, ಹುಡುಗಿಯರಿದ್ದರೆ ಒಬ್ಬರು ಹೆಣ್ಣುಮಗಳು. ವಾಪಸ್ಸು ಬರುವಾಗ ಕೊನೆಗೆ ಇಳಿಯುವ ಮಗು ಡ್ರೈವರ್ ಜೊತೆ ಒಂಟಿಯಾಗುತ್ತದೆ. ಇಳಿಸುವ ಕ್ರಮ ಮೊದಲೇ ಬರೆದಿಟ್ಟುಕೊಂಡರೆ ಅದು ತಪ್ಪುತ್ತದೆ. ರಾತ್ರಿ ಉಳಿಯಬೇಕಾದರೆ ಮಕ್ಕಳು ಒಂದು ಕೋಣೆ, ದೊಡ್ಡವರು ಬೇರೆ ಕೋಣೆ. ಊಟಕ್ಕೆ ಕರೆದ ದಾನಿಯ ಮನೆಗೆ ಒಂದೇ ಮಗುವನ್ನು ಕಳಿಸಬೇಡಿ.

ಜಾತ್ರೆ, ಉಗಾದಿ ಹೊತ್ತಿನ ರಾತ್ರಿ ಟೂರ್ನಿಗಳಲ್ಲಿ ಬೆಟ್ಟಿಂಗ್ ಇರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಮಕ್ಕಳು ಆಡುವ ತಂಡ ಅಂಥ ಕಡೆ ಹೋಗಬಾರದು ಎಂಬುದು ನಮ್ಮ ಖಡಾಖಂಡಿತ ಅಭಿಪ್ರಾಯ. ಬಹುಮಾನದ ಮೊತ್ತ ಎಷ್ಟೇ ಇರಲಿ.

7. ಮಗು ಬಾಯಿಬಿಟ್ಟಾಗ

ಎಷ್ಟೋ ಮಕ್ಕಳು ನೇರವಾಗಿ ಹೇಳುವುದಿಲ್ಲ. ‘ನಾಳೆಯಿಂದ ಬರಲ್ಲ’, ‘ಆ ಸರ್ ಇರೋ ದಿನ ಬೇಡ’, ‘ನನ್ನ ಫ್ರೆಂಡ್‌ಗೆ ಹಿಂಗಾಯ್ತು’ ಎನ್ನುತ್ತವೆ. ಚೆನ್ನಾಗಿ ಆಡುತ್ತಿದ್ದವನು ಕಾರಣವಿಲ್ಲದೆ ಬಿಟ್ಟರೆ ಮನೆಗೆ ಹೋಗಿ ವಿಚಾರಿಸಿ.

ಹೇಳತೊಡಗಿದರೆ ನಾಲ್ಕು ಜನ ಕಾಣುವ, ಆದರೆ ಮಾತು ಕೇಳಿಸದ ಜಾಗದಲ್ಲಿ ಕೂತು ಕೇಳಿ. ನಿಮ್ಮ ಮಾತು ಮೂರೇ ಇರಲಿ: ‘ಹೇಳಿದ್ದು ಒಳ್ಳೇದಾಯ್ತು.’ ‘ತಪ್ಪು ನಿಂದಲ್ಲ.’ ‘ಆಮೇಲೆ?’ ಆದರೆ ‘ಅವನು ಇಲ್ಲಿ ಮುಟ್ಟಿದ್ನಾ?’ ಎಂದು ಉತ್ತರವನ್ನು ಬಾಯಿಗಿಡುವ ಪ್ರಶ್ನೆ ಕೇಳಿದರೆ ಮುಂದೆ ಕೋರ್ಟಿನಲ್ಲಿ ಅದೇ ಮಗುವಿಗೆ ಮುಳ್ಳಾಗುತ್ತದೆ. ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ. ಕಾನೂನು ಪ್ರಕಾರ ನೀವು ಹೇಳಲೇಬೇಕು. ‘ನಿನಗೆ ಸಹಾಯ ಮಾಡೋರಿಗೆ ಮಾತ್ರ ಹೇಳ್ತೀನಿ’ ಎನ್ನಿ.

ತಕ್ಷಣ ಬರೆಯಿರಿ. ಮಗು ಆಡಿದ ಮಾತು ಆಡಿದ ಭಾಷೆಯಲ್ಲೇ, ತೊದಲಿದ್ದರೆ ತೊದಲಿದಂತೆ. ದಿನಾಂಕ, ಸಮಯ, ಜಾಗ, ನಿಮ್ಮ ಸಹಿ. ‘ದೌರ್ಜನ್ಯ ಎಸಗಲಾಗಿದೆ’ ಎಂಬ ಸರ್ಕಾರಿ ಭಾಷೆಗೆ ತಿರುಗಿಸಬೇಡಿ.

ಇಲ್ಲಿ ಕ್ಲಬ್‌ಗಳು ಮಾಡುವ ತಪ್ಪುಗಳು: ಮೊದಲು ಆರೋಪಿತನನ್ನು ಕರೆದು ಕೇಳುವುದು (ಅವನು ಫೋನ್ ಖಾಲಿ ಮಾಡುತ್ತಾನೆ, ಮಗುವಿನ ಮನೆಗೂ ಹೋಗುತ್ತಾನೆ), ಇಬ್ಬರನ್ನೂ ಎದುರುಬದುರು ಕೂರಿಸುವುದು, ಕಮಿಟಿಯ ಐವರು ಐದು ಸಲ ಮಗುವಿನಿಂದ ಕಥೆ ಹೇಳಿಸುವುದು, ‘ಮನೆ ಮರ್ಯಾದೆ’ ಹೆಸರಲ್ಲಿ ಪೋಷಕರನ್ನು ಸುಮ್ಮನಿರಿಸುವುದು, ಕೋಚನ್ನು ಸದ್ದಿಲ್ಲದೆ ಬೇರೆ ಊರಿನ ಕ್ಲಬ್ಬಿಗೆ ಸಾಗಹಾಕುವುದು. ಕೊನೆಯದು ಇನ್ನೊಂದು ಊರಿನ ಮಕ್ಕಳನ್ನು ಬಲಿಕೊಟ್ಟಂತೆ.

8. ಎಲ್ಲಿಗೆ, ಹೇಗೆ ತಿಳಿಸಬೇಕು

ಅಪಾಯ ಈಗಲೇ ಇದ್ದರೆ 112. ಲೈಂಗಿಕ ಅಪರಾಧದ ಅನುಮಾನವಿದ್ದರೆ ಅದೇ ದಿನ ಹತ್ತಿರದ ಪೊಲೀಸ್ ಠಾಣೆ ಅಥವಾ ವಿಶೇಷ ಬಾಲಾಪರಾಧಿ ಪೊಲೀಸ್ ಘಟಕ. ಪುರಾವೆ ನಿಮ್ಮ ಕೈಯಲ್ಲಿರಬೇಕಾಗಿಲ್ಲ. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಕ್ರಮ ಜರುಗಿಸುವಂತಿಲ್ಲ ಎಂದು ಪೋಕ್ಸೊ 19ನೇ ಕಲಂ ಹೇಳುತ್ತದೆ. ನಿಮ್ಮ ಮಾಹಿತಿಯನ್ನು ಪೊಲೀಸರು ಬರೆದುಕೊಂಡು ಓದಿ ಹೇಳಬೇಕು. 24 ಗಂಟೆಯೊಳಗೆ ಪೊಲೀಸರೇ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಮಾಡಬೇಕು. ‘ಇದು ನಮ್ಮ ಸರಹದ್ದಲ್ಲ’ ಎಂದರೆ ಜೀರೊ ಎಫ್‌ಐಆರ್ ಕೇಳಿ: ಯಾವ ಠಾಣೆಯಲ್ಲಾದರೂ ದಾಖಲಿಸಿ, ಆಮೇಲೆ ಸಂಬಂಧಪಟ್ಟ ಠಾಣೆಗೆ ಕಳಿಸುವ ದೂರು ಅದು. ಆಗಲೂ ಆಗದಿದ್ದರೆ ಬರಹದಲ್ಲಿ ಎಸ್‌ಪಿ ಕಚೇರಿಗೆ.

ಪೋಷಕರ ಅಂಜಿಕೆ ಇಳಿಸಲು ಇದನ್ನು ಹೇಳಿ: ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಮಗುವಿಗೆ ಇಷ್ಟವಾದ ಜಾಗದಲ್ಲೋ, ಸಮವಸ್ತ್ರವಿಲ್ಲದ ಅಧಿಕಾರಿ, ಸಾಧ್ಯವಾದಷ್ಟು ಮಟ್ಟಿಗೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ ಪಡೆಯಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಹುಡುಗಿಯನ್ನು ಮಹಿಳಾ ವೈದ್ಯರೇ ಪರೀಕ್ಷಿಸಬೇಕು. ತುರ್ತು ಚಿಕಿತ್ಸೆಗೆ ‘ಮೊದಲು ಪೊಲೀಸ್ ಪತ್ರ ತನ್ನಿ’ ಎಂದು ಆಸ್ಪತ್ರೆ ಹೇಳುವಂತಿಲ್ಲ. ವೈದ್ಯರ ಪರೀಕ್ಷೆ ಆಗುವತನಕ ಮಗುವಿಗೆ ಸ್ನಾನ ಮಾಡಿಸಬೇಡಿ, ಬಟ್ಟೆ ಒಗೆಯಬೇಡಿ. ಬಟ್ಟೆಯನ್ನು ಕಾಗದದ ಚೀಲದಲ್ಲಿಡಿ. ಪ್ಲಾಸ್ಟಿಕ್‌ನಲ್ಲಿ ಬೆವತು ಪುರಾವೆ ಹಾಳಾಗುತ್ತದೆ. ಫೋನಿನ ಸಂದೇಶ ಅಳಿಸಬೇಡಿ, ಬೇರೆಯವರಿಗೆ ಕಳಿಸಲೂ ಬೇಡಿ.

ಹೊಡೆತ, ಉಪವಾಸ, ಮನೆಯಲ್ಲಿನ ಹಿಂಸೆ, ನಿಶ್ಚಯವಾದ ಬಾಲ್ಯವಿವಾಹ ಇಂಥವಕ್ಕೆ 1098 ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕ.

9. ಹೆಚ್ಚಿನ ಆಸರೆ ಬೇಕಾದ ವಯಸ್ಕರು

ಕಿವಿ ಕೇಳದ ಬೌಲರ್, ಬುದ್ಧಿಮಾಂದ್ಯತೆ ಇರುವ ಸ್ಕೋರ್‌ಬೋರ್ಡ್ ಹುಡುಗ, ಪಿಚ್‌ಗೆ ನೀರು ಹಾಕುವ ವಯಸ್ಸಾದವರು. ಇವರು ಮಕ್ಕಳಲ್ಲ. ಒಪ್ಪಿಗೆಯನ್ನು ಅವರಿಂದಲೇ, ಅವರಿಗೆ ಅರ್ಥವಾಗುವ ರೀತಿಯಲ್ಲಿ, ಚಿತ್ರವನ್ನೋ ಸನ್ನೆಯನ್ನೋ ಬಳಸಿ ಪಡೆಯಬೇಕು. ಅಣ್ಣತಮ್ಮಂದಿರ ಸಹಿ ಅದಕ್ಕೆ ಬದಲಿಯಲ್ಲ.

ಇಲ್ಲಿ ನಡೆಯುವ ಅನ್ಯಾಯ ಬೇರೆ ಬಗೆಯದು: ಊಟ ಹಾಕಿ ಸಂಬಳವಿಲ್ಲದೆ ದುಡಿಸಿಕೊಳ್ಳುವುದು, ಮಾಸಾಶನದ ಎಟಿಎಂ ಕಾರ್ಡ್ ಇಟ್ಟುಕೊಳ್ಳುವುದು, ಅವರ ಹೆಸರಲ್ಲಿ ಸಿಮ್ ತೆಗೆದು ಬೆಟ್ಟಿಂಗ್‌ಗೆ ಬಳಸುವುದು, ಕುಡಿಸಿ ಕುಣಿಸಿ ವಿಡಿಯೊ ಮಾಡುವುದು. ಅಂಗವಿಕಲರ ಮೇಲಿನ ದೌರ್ಜನ್ಯ, ಶೋಷಣೆಯನ್ನು ಯಾರು ಬೇಕಾದರೂ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ತಿಳಿಸಬಹುದು ಎನ್ನುತ್ತದೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 7ನೇ ಕಲಂ. ತಾಲ್ಲೂಕಿನಲ್ಲಿ ತಹಶೀಲ್ದಾರರೇ ಆ ಅಧಿಕಾರಿ. ಹಿರಿಯರಿಗೆ ಸಹಾಯವಾಣಿ 14567, ಮಾನಸಿಕ ಸಂಕಟಕ್ಕೆ ಟೆಲಿ ಮಾನಸ್ 14416.

ವಯಸ್ಕ ಮಹಿಳಾ ಆಟಗಾರ್ತಿ, ಸ್ಕೋರರ್‌ಗಳಿಗೆ ಲೈಂಗಿಕ ಕಿರುಕುಳವಾದರೆ, ಕೆಲಸದ ಸ್ಥಳದಲ್ಲಿ ಮಹಿಳೆಯರಿಗಾಗುವ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಇದೆ. ಅದರಲ್ಲಿ ಕ್ರೀಡಾಂಗಣವೂ ಕೆಲಸದ ಸ್ಥಳವೇ. ಹತ್ತು ಜನ ಕೆಲಸಗಾರರಿಲ್ಲದ ಕ್ಲಬ್ಬಿನ ದೂರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ, ಮೂರು ತಿಂಗಳೊಳಗೆ.

10. ದೂರು ಕೊಟ್ಟ ಮರುದಿನ

ಆರೋಪ ಬಂದವರನ್ನು ತನಿಖೆ ಮುಗಿಯುವತನಕ ಮಕ್ಕಳ ಕೆಲಸದಿಂದ ದೂರವಿಡಿ. ಪತ್ರದಲ್ಲಿ ‘ತಪ್ಪಿತಸ್ಥ’ ಎಂಬ ಪದ ಬೇಡ, ‘ಮುಂದಿನ ಸೂಚನೆಯವರೆಗೆ’ ಸಾಕು. ಉಳಿದ ಪೋಷಕರಿಗೆ ಹೇಳಬೇಕಾದ್ದು ಎರಡೇ ಮಾತು: ವಿಷಯ ಪೊಲೀಸರಿಗೆ ತಿಳಿಸಿದ್ದೇವೆ, ಅಭ್ಯಾಸ ಇಂಥವರ ಕೈಕೆಳಗೆ ಮುಂದುವರಿಯುತ್ತದೆ. ಮಗುವಿನ ಹೆಸರು, ಓಣಿ, ಶಾಲೆ, ತಂಡದ ಗುಂಪು ಫೋಟೊ ಯಾವುದೂ ಹೊರಗೆ ಹೋಗಬಾರದು. ಸಂತ್ರಸ್ತ ಮಗುವಿನ ಗುರುತು ಪ್ರಕಟಿಸುವುದೇ ಬೇರೊಂದು ಅಪರಾಧ.

ಇನ್ನೊಂದು ಕೆಲಸ ಬಾಕಿ. ತಂಡದ ಪಟ್ಟಿಯಿಂದ ಆ ಮಗುವಿನ ಹೆಸರು ತೆಗೆಯಬೇಡಿ. ‘ಸ್ವಲ್ಪ ದಿನ ಮನೇಲಿರಲಿ’ ಎಂದು ನೀವಾಗಿ ತೀರ್ಮಾನಿಸಬೇಡಿ. ಬರುವುದೋ ಬಿಡುವುದೋ ಮಗು ಮತ್ತು ಮನೆಯವರು ಹೇಳಲಿ. ಅಲ್ಲಿಯತನಕ ಅದರ ಬ್ಯಾಟಿಂಗ್ ಸರದಿ, ಜೆರ್ಸಿ ನಂಬರ್ ಹಾಗೆಯೇ ಇರಲಿ, ಹಾಜರಿ ಪುಸ್ತಕದ ಸಾಲೂ ಖಾಲಿ ಇರಲಿ.